ಅಳೆಯುವ ಸಾಧನಗಳ ಪರೀಕ್ಷೆ

ಅಳೆಯುವದಕ್ಕೆ ಒಂದು ಸಾಧನ ಬೇಕೆಂಬದು ಎಲ್ಲರಿಗೂ ತಿಳಿದ ಸಂಗತಿಯಾಗಿದೆ. ಆದರೆ ಆ ಸಾಧನವನ್ನೇ ಒಂದು ದಿನ ಅಳೆದು ನೋಡಬೇಕಾಗುವದೆಂಬದನ್ನು ವಿಚಾರಿಸುವವರು ವಿರಳ. ತಕ್ಕಡಿಯ ಮುಳ್ಳು ನಿಂತಲ್ಲಿ ಮಾತು ಮುಗಿಯಿತೆಂದು ತಿಳಿಯುತ್ತೇವೆ. ಗಾಜಿನ ಪಟ್ಟಿಯ ಮೇಲೆ ಕೆಂಪು ಅಂಕಿಗಳು ಮೂಡಿದರಂತೂ ಅವುಗಳೊಡನೆ ವಾದ ಹೂಡುವ ಧೈರ್ಯ ಯಾರಿಗೂ ಉಳಿಯುವದಿಲ್ಲ. ಈ ಸ್ಮರಣ ಸಂಚಿಕೆಗಾಗಿ ಪಾಠರೂಪವಾದ ಒಂದು ಲೇಖನವನ್ನು ಬರೆಯಬೇಕಾಗಿ ಬಂದಾಗ ನಾವು ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ನಮ್ಮ ಪಾಲಕರಲ್ಲಿ ಬಹುಮಂದಿ ಕಬ್ಬು, ತಂಬಾಕು, ಹಾಲುಗಳನ್ನು ತೂಗಿಸಿ ಜೀವಿಸುವವರು. ಹಳೆಯ ವಿದ್ಯಾರ್ಥಿನಿಯರಲ್ಲಿಯಾದರೋ ಕೆಲವರು ಕಾರಖಾನೆಗಳ ಪ್ರಯೋಗಶಾಲೆಗಳಲ್ಲಿಯೂ ಹಾಲಿನ ಸಂಘಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಅಳೆಯುವ ಕೆಲಸವನ್ನು ಮಾಡುತ್ತಿದ್ದಾರೆ. ಅಂದಮೇಲೆ ತಕ್ಕಡಿಯ ಈ ಬದಿಯಲ್ಲಿ ನಿಂತವರಿಗೂ ಆ ಬದಿಯಲ್ಲಿ ನಿಂತವರಿಗೂ ಇದು ಸಂಬಂಧಪಟ್ಟ ವಿಷಯವಾಗಿರುವದು.

ಉದ್ಯಮದವರು ಕ್ಯಾಲಿಬ್ರೇಶನ್ ಎಂದು ಕರೆಯುವ ಕ್ರಿಯೆಗೆ ಕನ್ನಡದಲ್ಲಿ ಮಾಪನಾಂಕ ನಿರ್ಣಯವೆಂಬ ಹೆಸರು ರೂಢಿಯಲ್ಲಿದೆ. ಹೆಸರು ದೊಡ್ಡದಾದರೂ ಅರ್ಥವು ಸರಳವಾದುದು. ನಮ್ಮಲ್ಲಿರುವ ಸಾಧನದ ಓದಿಕೆಯನ್ನು, ಅದಕ್ಕಿಂತ ಉತ್ತಮವೆಂದು ಮೊದಲೇ ಪರೀಕ್ಷಿಸಲ್ಪಟ್ಟ ಇನ್ನೊಂದು ಸಾಧನದೊಡನೆ ತಾಳೆ ನೋಡಿ, ಎಷ್ಟು ವ್ಯತ್ಯಾಸವಿದೆಯೆಂಬದನ್ನು ಬರೆದಿಡುವದೇ ಮಾಪನಾಂಕ ನಿರ್ಣಯ. ಇಲ್ಲಿ ಬರೆದಿಡುವದೆಂಬ ಮಾತು ಮುಖ್ಯವಾದುದು. ಸಾಧನವನ್ನು ದುರಸ್ತಿ ಮಾಡುವದು ಬೇರೆ ಕೆಲಸ, ಅದರ ದೋಷವನ್ನು ತಿಳಿಯುವದು ಬೇರೆ ಕೆಲಸ. ದೋಷವು ಎಷ್ಟೆಂದು ಗೊತ್ತಿರುವ ಹಳೆಯ ತಕ್ಕಡಿಯು, ದೋಷವು ಎಷ್ಟೆಂದು ಯಾರೂ ನೋಡದಿರುವ ಹೊಸ ತಕ್ಕಡಿಗಿಂತ ಮೇಲಾದುದು. ಯಾಕಂದರೆ ಮೊದಲನೆಯದರ ಓದಿಕೆಯನ್ನು ಕೂಡಿ ಕಳೆದು ಸರಿಪಡಿಸಿಕೊಳ್ಳಬಹುದು, ಎರಡನೆಯದರ ವಿಷಯದಲ್ಲಿ ಮಾಡಬಹುದಾದದ್ದು ಏನೂ ಇಲ್ಲ.

ಇದಕ್ಕೆ ಮೊದಲು ಎರಡು ಗುಣಗಳ ಭೇದವನ್ನು ತಿಳಿದುಕೊಳ್ಳಬೇಕು. ಒಂದು ಗಡಿಯಾರವು ದಿನಾಲು ತಪ್ಪದೆ ಐದು ನಿಮಿಷ ಮುಂದಿರುವದೆಂದು ಭಾವಿಸಿರಿ. ಅದು ಸ್ಥಿರವಾಗಿದೆ, ಆದರೆ ನಿಷ್ಕೃಷ್ಟವಾಗಿಲ್ಲ. ಇನ್ನೊಂದು ಗಡಿಯಾರವು ಒಂದು ದಿನ ಮೂರು ನಿಮಿಷ ಮುಂದೆ, ಮರುದಿನ ಮೂರು ನಿಮಿಷ ಹಿಂದೆ. ವಾರದ ಸರಾಸರಿಯಲ್ಲಿ ಅದು ಸರಿಯೇ, ಆದರೆ ಗಾಡಿಯನ್ನು ಹಿಡಿಯುವದಕ್ಕೆ ಅದನ್ನು ನಂಬಿದವಳು ನಿಲ್ದಾಣದಲ್ಲಿ ನಿಲ್ಲಬೇಕಾದೀತು. ನಮ್ಮ ಹೊಲಿಗೆಯ ತರಗತಿಯಲ್ಲಿ ಬಟ್ಟೆಯ ಟೇಪುಗಳನ್ನು ಪ್ರತಿ ಜೂನ ತಿಂಗಳಲ್ಲಿ ಉಕ್ಕಿನ ಟೇಪಿನ ಪಕ್ಕದಲ್ಲಿ ಹಾಸಿ ನೋಡುವ ಪದ್ಧತಿಯಿದೆ. ಎಳೆದೆಳೆದು ಉದ್ದವಾದ ಟೇಪು ಹತ್ತು ಸಲ ಅಳೆದರೂ ಹತ್ತು ಸಲವೂ ಒಂದೇ ಅಂಕಿಯನ್ನು ಹೇಳುವದು, ಆ ಹತ್ತೂ ಸಲ ತಪ್ಪಾಗಿರುವದು. ಮರಳಿ ಮರಳಿ ಅಳೆದು ನೋಡಿದೆವು, ಸರಿಯಾಗಿಯೇ ಬಂತು ಎಂದು ಹೇಳುವವರು ಸ್ಥಿರತೆಗೆ ಸಾಕ್ಷಿ ಹೇಳುತ್ತಾರೆಯೇ ಹೊರತು ನಿಷ್ಕೃಷ್ಟತೆಗೆ ಅಲ್ಲ. ಸಾಧನವು ತನ್ನ ಪರವಾಗಿ ತಾನೇ ಸಾಕ್ಷಿ ನುಡಿಯಲಾರದು. ಹೊರಗಿನ ಸಾಕ್ಷಿ ಬೇಕು.

ಸತ್ಯವೇದದ ಧರ್ಮೋಪದೇಶಕಾಂಡದಲ್ಲಿ, ಒಂದೇ ಚೀಲದಲ್ಲಿ ಎರಡು ತರದ ತೂಕದ ಕಲ್ಲುಗಳನ್ನು ಇಟ್ಟುಕೊಳ್ಳಬಾರದೆಂಬ ವಿಧಿಯಿರುವದನ್ನು ನಮ್ಮ ಭಾನುವಾರದ ಶಾಲೆಯ ಮಕ್ಕಳು ಬಲ್ಲರು. ಅಲ್ಲಿ ಕಲ್ಲಿಗಿಂತ ಮೊದಲು ಮನುಷ್ಯನ ಮನಸ್ಸು ಕೆಟ್ಟಿರುವದು. ಆದರೆ ಕಾರಖಾನೆಯ ಅಳತೆಗಳ ಇತಿಹಾಸವನ್ನು ನೋಡಿದರೆ ಇನ್ನೊಂದು ವಿಧದ ಹಾನಿಯು ಹೆಚ್ಚು ಕಂಡುಬರುವದು. ಯಾರ ಮನಸ್ಸೂ ಕೆಟ್ಟಿರುವದಿಲ್ಲ; ಕಬ್ಬಿಣದ ಕಲ್ಲು ಸವೆದಿರುವದು, ಸುರುಳಿಯು ದಣಿದಿರುವದು, ವೇದಿಕೆಯ ಸಂದಿನಲ್ಲಿ ಕೆಸರು ಗಟ್ಟಿಯಾಗಿರುವದು. ಕಳ್ಳನಿಲ್ಲದ ಕಳವು ಇದು. ಕಳ್ಳನನ್ನು ಹಿಡಿಯಲು ಪೋಲೀಸರಿದ್ದಾರೆ. ಈ ಕಳವನ್ನು ಹಿಡಿಯುವದಕ್ಕೆ ತಾಳೆ ನೋಡುವದೊಂದೇ ಉಪಾಯ.

ಹಿಂದಿನ ಕಾಲದಲ್ಲಿ ನಮ್ಮ ಈ ಸೀಮೆಯಲ್ಲಿ ಇದು ಸುಲಭದ ಮಾತಾಗಿರಲಿಲ್ಲ. ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ. ಒಂದು ಪೇಟೆಯ ಮಣವು ಮತ್ತೊಂದು ಪೇಟೆಯ ಮಣವಾಗಿರುತ್ತಿರಲಿಲ್ಲ. ಸರಕಾರೀ ಲೆಕ್ಕದ ಸೇರಿಗೆ ೮೦ ತೊಲೆ, ೪೦ ಸೇರಿಗೆ ಒಂದು ಮಣ, ಅಂದರೆ ಈಗಿನ ಲೆಕ್ಕದಲ್ಲಿ ಸುಮಾರು ೩೭.೩ ಕಿಲೋ. ಮುಂಬಯಿ ಪ್ರಾಂತದಲ್ಲಿ ೧೯೩೨ರಲ್ಲಿಯೇ ತೂಕ ಅಳತೆಗಳ ಕಾಯಿದೆಯಾಯಿತು. ಬೆಳಗಾವಿ ಜಿಲ್ಲೆಯು ಆಗ ಆ ಪ್ರಾಂತದಲ್ಲಿತ್ತು. ೧೯೫೬ರಲ್ಲಿ ಇಡೀ ದೇಶಕ್ಕೆ ಒಂದೇ ಕಾಯಿದೆ ಬಂದು, ೧೯೫೮ನೆಯ ಅಕ್ಟೋಬರ ೧ರಿಂದ ಕಿಲೋಗ್ರಾಮು ಹಂತ ಹಂತವಾಗಿ ಬಳಕೆಗೆ ಬಂತು. ಈಗ ನಡೆಯುವದು ೨೦೦೯ರ ಕಾನೂನು ಮಾಪನ ಶಾಸ್ತ್ರದ ಕಾಯಿದೆ.

ಆದರೆ ಕಿಲೋ ಎಂದು ಹೆಸರಿಟ್ಟ ಮಾತ್ರಕ್ಕೆ ಚಿಕ್ಕೋಡಿಯ ಕಿಲೋವೂ ದಿಲ್ಲಿಯ ಕಿಲೋವೂ ಒಂದೇ ಆಗುವದಿಲ್ಲ. ಅದಕ್ಕಾಗಿ ಒಂದು ಸರಪಳಿಯಿದೆ. ಅಂಗಡಿಯ ಕಲ್ಲನ್ನು ನಿರೀಕ್ಷಕರ ಕಲ್ಲಿನೊಡನೆ ತೂಗುತ್ತಾರೆ. ನಿರೀಕ್ಷಕರ ಕಲ್ಲನ್ನು ಇಲಾಖೆಯ ಮೇಲಿನ ದರ್ಜೆಯ ಕಲ್ಲಿನೊಡನೆ. ಅದನ್ನು ಬೆಂಗಳೂರಿನಲ್ಲಿರುವ ಪ್ರಾದೇಶಿಕ ನಿರ್ದೇಶಕ ಪ್ರಮಾಣ ಪ್ರಯೋಗಶಾಲೆಯಂಥ ಸಂಸ್ಥೆಯಲ್ಲಿ. ಅಲ್ಲಿಂದ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಶಾಲೆಗೆ. ಈ ಪ್ರಯೋಗಶಾಲೆಯ ಅಡಿಗಲ್ಲನ್ನು ೧೯೪೭ನೆಯ ಜಾನೇವರಿ ೪ರಂದು ಪಂಡಿತ ನೆಹರೂ ಅವರು ಇಟ್ಟರು. ೧೯೫೦ನೆಯ ಜಾನೇವರಿ ೨೧ರಂದು ಸರದಾರ ಪಟೇಲರು ಅದನ್ನು ಉದ್ಘಾಟಿಸಿದರು. ಅಲ್ಲಿ ೫೭ ಎಂಬ ಸಂಖ್ಯೆಯುಳ್ಳ ಪ್ಲಾಟಿನಮ್-ಇರಿಡಿಯಮ್ ಮಿಶ್ರಲೋಹದ ಒಂದು ಚಿಕ್ಕ ಉರುಳೆಯನ್ನು ಇಟ್ಟಿದ್ದಾರೆ. ಅದು ಪ್ಯಾರಿಸಿನ ಬಳಿಯ ಸೇವ್ರದಲ್ಲಿದ್ದ ಮೂಲ ಕಿಲೋಗ್ರಾಮಿನ ಪ್ರತಿಕೃತಿ. ಆ ಮೂಲ ಉರುಳೆಯು ೧೮೮೯ರಿಂದ ಜಗತ್ತಿನ ಕಿಲೋಗ್ರಾಮಾಗಿತ್ತು. ಮೂರು ಗಾಜಿನ ಗಂಟೆಗಳ ಕೆಳಗೆ, ಬೀಗದೊಳಗೆ ಇಟ್ಟಿದ್ದ ಅದನ್ನೂ ಪ್ರತಿಕೃತಿಗಳನ್ನೂ ಹೋಲಿಸಿ ನೋಡಿದಾಗ ನೂರು ವರುಷಗಳಲ್ಲಿ ಅವುಗಳ ನಡುವೆ ಸುಮಾರು ೫೦ ಮೈಕ್ರೋಗ್ರಾಮುಗಳ ಅಂತರ ಬಿದ್ದದ್ದು ಕಂಡುಬಂತು. ಕದ್ದವರು ಯಾರೂ ಇಲ್ಲ! ಆದುದರಿಂದ ೨೦೧೯ನೆಯ ಮೇ ೨೦ರಿಂದ ಲೋಹದ ತುಂಡನ್ನು ಬಿಟ್ಟು, ಪ್ಲಾಂಕನ ಸ್ಥಿರಾಂಕವೆಂಬ ಪ್ರಕೃತಿಯ ಬದಲಾಗದ ಸಂಖ್ಯೆಯಿಂದ ಕಿಲೋಗ್ರಾಮನ್ನು ಗೊತ್ತುಪಡಿಸಿದ್ದಾರೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಕೆಳಗಿನ ಸಾಧನದ ಮಾತಿಗೆ ಆಧಾರವಿಲ್ಲದಂತಾಗುವದು.

ಇನ್ನು ನಮ್ಮ ಊರುಗಳಿಗೆ ಬರೋಣ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರು ಹರಿಯುವ ಈ ಪ್ರದೇಶದಲ್ಲಿ ಕಬ್ಬೇ ದೊಡ್ಡ ಬೆಳೆ. ಉಗಾರದ ಸಕ್ಕರೆ ಕಾರಖಾನೆಯ ಕಂಪನಿ ೧೯೩೯ರಲ್ಲಿಯೇ ಸ್ಥಾಪನೆಯಾಯಿತು, ತರುವಾಯ ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳ ಕಡೆಗೆ ಸಹಕಾರಿ ಕಾರಖಾನೆಗಳೂ ಹುಟ್ಟಿದವು. ಹಂಗಾಮು ಬಂತೆಂದರೆ ರಸ್ತೆಯ ತುಂಬ ಟ್ರ್ಯಾಕ್ಟರುಗಳ ಸಾಲು. ೨೦೨೫ನೆಯ ನವೆಂಬರದಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ ೩೫೦೦ ರೂಪಾಯಿ ಬೇಕೆಂದು ಬೆಳೆಗಾರರು ದಿನಗಟ್ಟಲೆ ಕುಳಿತದ್ದನ್ನೂ, ಕಡೆಗೆ ಸರಕಾರವು ೩೩೦೦ ರೂಪಾಯಿಗಳ ದರವನ್ನು ಸಾರಿದ್ದನ್ನೂ ಓದುಗರು ಮರೆತಿರಲಾರರು. ದರದ ವಿಷಯವಾಗಿ ಜನರು ಕೂಡುತ್ತಾರೆ, ಕೂಗುತ್ತಾರೆ; ಅದು ಯೋಗ್ಯವೇ. ಆದರೆ ದರವನ್ನು ಯಾವದರಿಂದ ಗುಣಿಸುತ್ತಾರೋ ಆ ತೂಕವು ಒಂದು ಯಂತ್ರದಿಂದ ಬರುವದು, ದರಕ್ಕೆ ಆಧಾರವಾದ ಸಕ್ಕರೆಯ ಇಳುವರಿಯೂ ಯಂತ್ರಗಳಿಂದಲೇ ಬರುವದು. ಅವುಗಳ ಕಡೆಗೆ ಅಷ್ಟೇ ಲಕ್ಷ್ಯವಿರಬೇಕಲ್ಲವೇ?

ಕಳೆದ ಹಂಗಾಮಿನಲ್ಲಿ ಒಂಬತ್ತನೆಯ ಇಯತ್ತೆಯ ಹುಡುಗಿಯರನ್ನು ಒಂದು ಕಾರಖಾನೆಗೆ ಕರೆದುಕೊಂಡು ಹೋಗಿದ್ದೆವು. ನಮ್ಮ ಜನರು ಕಾಟಾ ಎಂದು ಕರೆಯುವ ದೊಡ್ಡ ತೂಕದ ಸೇತುವೆಯ ಮೇಲೆ ತುಂಬಿದ ಟ್ರ್ಯಾಕ್ಟರು ಹತ್ತಿತು, ಅಂಕಿ ಮೂಡಿತು, ಚೀಟಿ ಹೊರಬಂತು. ಆಗ ಒಬ್ಬ ಹುಡುಗಿಯು, ಈ ಕಾಟಾವನ್ನು ಯಾವದರಿಂದ ತೂಗುತ್ತಾರೆ ಎಂದು ಕೇಳಿದಳು. ಅಲ್ಲಿಯ ಅಧಿಕಾರಿಗಳು ನಗಲಿಲ್ಲ, ಅದಕ್ಕಾಗಿ ಅವರಿಗೆ ನಮ್ಮ ವಂದನೆಗಳು. ಕೋಣೆಯೊಳಗೆ ಕರೆದೊಯ್ದು ಪರೀಕ್ಷೆಯ ಕಾಗದವನ್ನು ತೋರಿಸಿ ವಿವರಿಸಿದರು. ಅದನ್ನೇ ಇಲ್ಲಿ ಪಾಠವಾಗಿ ಹೇಳುತ್ತೇವೆ.

ಈಗಿನ ಕಾಟಾದ ವೇದಿಕೆಯ ಕೆಳಗೆ ಲೋಡ್ ಸೆಲ್ಲುಗಳೆಂಬ ಉಕ್ಕಿನ ಗುಂಡಿಗಳಿರುತ್ತವೆ. ಭಾರ ಬಿದ್ದಾಗ ಉಕ್ಕು ಕಣ್ಣಿಗೆ ಕಾಣದಷ್ಟು ಕುಗ್ಗುವದು. ಅದಕ್ಕೆ ಅಂಟಿಸಿದ ಸೂಕ್ಷ್ಮ ತಂತಿಯ ವಿದ್ಯುತ್ ನಿರೋಧವು ಅದರಿಂದ ಬದಲಾಗುವದು. ಆ ಬದಲಾವಣೆಯನ್ನೇ ಯಂತ್ರವು ಕಿಲೋಗಳಾಗಿ ಬರೆಯುವದು. ಅಂದರೆ ಕಾಟಾ ತೂಕವನ್ನು ನೋಡುವದೇ ಇಲ್ಲ, ವಿದ್ಯುತ್ತನ್ನು ನೋಡಿ ತೂಕವನ್ನು ಊಹಿಸುವದು. ಆ ಊಹೆಗೆ ಆಧಾರವು ಪರೀಕ್ಷೆಯ ದಿನ ಅದರ ಮೇಲೆ ಇಟ್ಟ ಕಲ್ಲುಗಳೇ. ಮೊದಲು ಬರಿಯ ವೇದಿಕೆಯ ಮೇಲೆ ಸೊನ್ನೆ ನಿಲ್ಲುವದೇ ಎಂದು ನೋಡಬೇಕು. ತರುವಾಯ ಮುದ್ರೆಯುಳ್ಳ ಕಲ್ಲುಗಳನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಪ್ರತಿ ಹಂತದಲ್ಲಿ ಓದಿಕೆಯನ್ನು ಬರೆದು, ಅದೇ ಕ್ರಮದಲ್ಲಿ ಇಳಿಸುತ್ತಲೂ ಬರೆಯಬೇಕು. ಯಾಕಂದರೆ ಏರುವಾಗ ಸರಿಯಾಗಿದ್ದು ಇಳಿಯುವಾಗ ತಡವರಿಸುವ ಸಾಧನಗಳುಂಟು. ಆ ಮೇಲೆ ಅದೇ ಕಲ್ಲುಗಳನ್ನು ವೇದಿಕೆಯ ಒಂದೊಂದು ಮೂಲೆಯಲ್ಲಿಟ್ಟು ನೋಡಬೇಕು. ಈ ಮೂಲೆಯ ಪರೀಕ್ಷೆಯನ್ನು ಅಲಕ್ಷಿಸಬಾರದು. ತುಂಬಿದ ಗಾಡಿಯು ಒಂದು ಕಡೆ, ಬರಿದಾದ ಗಾಡಿಯು ಇನ್ನೊಂದು ಕಡೆ ನಿಂತರೆ, ಒಂದು ಮೂಲೆಯ ಸೆಲ್ಲಿನ ದೋಷವು ನೇರವಾಗಿ ಕಬ್ಬಿನ ಲೆಕ್ಕದಲ್ಲಿ ಸೇರುವದು. ಕಬ್ಬಿನ ರವದಿ, ಕೆಸರು, ಒಂದು ಸಣ್ಣ ಕಲ್ಲು ವೇದಿಕೆಯ ಅಂಚಿನ ಸಂದಿನಲ್ಲಿ ಸಿಕ್ಕಿಕೊಂಡರೆ ಭಾರದ ಒಂದು ಪಾಲು ನೆಲಕ್ಕೆ ಇಳಿದುಹೋಗುವದು. ಇಲಿ ಕಡಿದ ತಂತಿಯ ಕಥೆಯನ್ನಂತೂ ಹೇಳುವದೇ ಬೇಡ.

ಇನ್ನು ಎಷ್ಟು ತಪ್ಪಿದರೆ ತಪ್ಪು? ಯಾವ ಸಾಧನವೂ ಪೂರ್ಣವಾಗಿ ಸರಿಯಾಗಿರಲಾರದೆಂದು ಕಾಯಿದೆಯೂ ಒಪ್ಪುವದು. ಒಂದು ಕಾಟಾ ೧೦ ಕಿಲೋದ ಹೆಜ್ಜೆಗಳಲ್ಲಿ ಓದುವದೆಂದು ಇಟ್ಟುಕೊಳ್ಳಿರಿ. ಮುದ್ರೆ ಹಾಕುವ ದಿನ ೫ ಟನ್ನಿನವರೆಗೆ ೫ ಕಿಲೋ, ೨೦ ಟನ್ನಿನವರೆಗೆ ೧೦ ಕಿಲೋ, ಅದಕ್ಕೂ ಮೇಲೆ ೧೫ ಕಿಲೋ ಹೆಚ್ಚು ಕಡಿಮೆಯನ್ನು ಸಹಿಸುವರು. ಬಳಕೆಯಲ್ಲಿರುವಾಗ ಪರೀಕ್ಷಿಸಿದರೆ ಇದರ ಇಮ್ಮಡಿ. ತುಂಬಿದ ಗಾಡಿ ೨೫ ಟನ್, ಬರಿಗಾಡಿ ೯ ಟನ್, ಕಬ್ಬು ೧೬ ಟನ್ ಎಂದರೆ ಈ ಮಿತಿಯು ದೊಡ್ಡದಲ್ಲ. ಆದರೆ ಮಿತಿಯನ್ನು ದಾಟಿ ಕಾಟಾ ನೂರಕ್ಕೆ ಅರ್ಧದಷ್ಟು ಕಡಿಮೆ ತೋರಿತೆನ್ನಿರಿ. ೧೬ ಟನ್ನಿನಲ್ಲಿ ೮೦ ಕಿಲೋ ಹೋಯಿತು, ಟನ್ನಿಗೆ ೩೩೦೦ ರೂಪಾಯಿಯಂತೆ ೨೬೪ ರೂಪಾಯಿ. ಹತ್ತು ಖೇಪು ಕಳಿಸಿದ ಮನೆಗೆ ೨೬೪೦ ರೂಪಾಯಿ. ಮಗಳ ಒಂದು ವರುಷದ ಪುಸ್ತಕ, ಸಮವಸ್ತ್ರಗಳ ವೆಚ್ಚವು ಹೀಗೆ ಸಂದಿನಲ್ಲಿ ಸೇರಿಹೋಗಬಹುದು. ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ಸೊನ್ನೆಯೇ ೨೦ ಕಿಲೋ ತಪ್ಪಿದ್ದರೆ ರೈತನಿಗೆ ಹಾನಿಯಿಲ್ಲ. ತುಂಬಿದ ಗಾಡಿಗೂ ಬರಿಗಾಡಿಗೂ ಅದೇ ತಪ್ಪು ಬರುವದರಿಂದ ಕಳೆಯುವಾಗ ಅದು ತಾನೇ ಹೋಗುವದು. ಜನರು ಸಾಮಾನ್ಯವಾಗಿ ಸೊನ್ನೆಯನ್ನು ನೋಡಿ ಜಗಳವಾಡುತ್ತಾರೆ. ಭಾರದೊಡನೆ ಬೆಳೆಯುವ ತಪ್ಪೇ ನಿಜವಾಗಿ ಹಾನಿಕರವಾದುದು, ಅದು ಬರಿಯ ವೇದಿಕೆಯ ಮೇಲೆ ಎಂದಿಗೂ ಕಾಣುವದಿಲ್ಲ.

ನಮ್ಮ ಭೂಗೋಳದ ಪಾಠವೂ ಇದರಲ್ಲಿ ಸೇರಿದೆಯೆಂದರೆ ಹುಡುಗಿಯರಿಗೆ ಆಶ್ಚರ್ಯವಾಗುವದು. ಎರಡು ತಟ್ಟೆಗಳ ತಕ್ಕಡಿಯು ವಸ್ತುವನ್ನು ಕಲ್ಲಿನೊಡನೆ ಹೋಲಿಸುವದರಿಂದ ಎಲ್ಲಿಗೆ ಒಯ್ದರೂ ಒಂದೇ. ಲೋಡ್ ಸೆಲ್ಲಾದರೋ ಭೂಮಿಯು ಎಳೆಯುವ ಬಲವನ್ನು ಅಳೆಯುವದು. ಆ ಬಲವು ಧ್ರುವದ ಕಡೆಗೆ ಹೆಚ್ಚು, ಸಮಭಾಜಕದ ಕಡೆಗೂ ಎತ್ತರದ ಸ್ಥಳಗಳಲ್ಲಿಯೂ ಕಡಿಮೆ. ದಿಲ್ಲಿಯಲ್ಲಿ ಸರಿಪಡಿಸಿದ ಕಾಟಾವನ್ನು ಹಾಗೆಯೇ ತಂದು ಚಿಕ್ಕೋಡಿಯಲ್ಲಿ ಇಟ್ಟರೆ ೨೦ ಟನ್ನಿಗೆ ಹದಿನೈದು ಇಪ್ಪತ್ತು ಕಿಲೋ ಕಡಿಮೆಯೇ ತೋರುವದು. ಆದಕಾರಣ ಕಾಟಾವನ್ನು ಅದು ನಿಂತ ಸ್ಥಳದಲ್ಲಿಯೇ ಪರೀಕ್ಷಿಸಬೇಕು. ತಯಾರಿಸಿದ ಕಂಪನಿಯ ಊರಿನ ಪ್ರಮಾಣಪತ್ರ ಸಾಲದು.

ಕಾಟಾವನ್ನು ದಾಟಿದ ಕಬ್ಬು ಗಾಣಕ್ಕೆ ಹೋಗುವದು, ಅದರ ರಸವು ಪ್ರಯೋಗಶಾಲೆಗೆ ಬರುವದು. ಅಲ್ಲಿ ನಮ್ಮ ಹುಡುಗಿಯರಿಗೆ ಅತ್ಯಂತ ಪ್ರಿಯವಾದದ್ದು ಬ್ರಿಕ್ಸ್ ಕಡ್ಡಿ. ಜರ್ಮನಿಯ ಅಡಾಲ್ಫ್ ಬ್ರಿಕ್ಸ್ ಎಂಬವರ ಹೆಸರಿನಿಂದ ಕರೆಯಲ್ಪಡುವ ಈ ಗಾಜಿನ ತೇಲುಕಡ್ಡಿಯು, ೧೦೦ ಗ್ರಾಂ ರಸದಲ್ಲಿ ಎಷ್ಟು ಗ್ರಾಂ ಘನಪದಾರ್ಥವು ಕರಗಿದೆಯೆಂಬದನ್ನು ಹೇಳುವದು. ಅದರ ಮೇಲೆ ಸಣ್ಣ ಅಕ್ಷರಗಳಲ್ಲಿ ಒಂದು ಉಷ್ಣತೆಯನ್ನು ಬರೆದಿರುತ್ತಾರೆ, ಸಾಮಾನ್ಯವಾಗಿ ೨೦ ಇಲ್ಲವೆ ೨೭.೫ ಅಂಶ. ಆ ಉಷ್ಣತೆಯಲ್ಲಿ ಮಾತ್ರ ಕಡ್ಡಿಯ ಮಾತು ಸರಿ. ರಸವು ಬಿಸಿಯಾದಂತೆ ಹಿಗ್ಗಿ ತೆಳುವಾಗುವದರಿಂದ ಕಡ್ಡಿಯು ಹೆಚ್ಚು ಮುಳುಗುವದು. ೨೦ ಅಂಶದ ಕಡ್ಡಿಯನ್ನು ೩೫ ಅಂಶದ ರಸದಲ್ಲಿ ತೇಲಿಸಿದರೆ ಓದಿಕೆಯು ಸುಮಾರು ಒಂದು ಬ್ರಿಕ್ಸಿನಷ್ಟು ಇಳಿಯುವದು. ಆದುದರಿಂದ ಥರ್ಮಾಮೀಟರಿಲ್ಲದೆ ಬ್ರಿಕ್ಸ್ ಕಡ್ಡಿಯಿಲ್ಲ. ಆ ಥರ್ಮಾಮೀಟರನ್ನೂ ಯಾರಾದರೂ ಕರಗುವ ಮಂಜುಗಡ್ಡೆಯ ಸೊನ್ನೆಯಲ್ಲಿ ಇಟ್ಟು ನೋಡಿರಬೇಕು. ಒಂದು ಸಾಧನದ ಹಿಂದೆ ಇನ್ನೊಂದು ಸಾಧನವು ನಿಂತಿರುವದು ಹೀಗೆ.

ಬ್ರಿಕ್ಸ್ ಎಂಬದು ಕೇವಲ ಸಕ್ಕರೆಯ ಪ್ರಮಾಣವಲ್ಲ, ಲವಣಗಳೂ ಇತರ ದ್ರವ್ಯಗಳೂ ಅದರಲ್ಲಿ ಸೇರಿವೆ. ಸಕ್ಕರೆಯನ್ನು ಬೇರೆಯಾಗಿ ತಿಳಿಯಲು ಪೋಲಾರಿಮೀಟರ ಬೇಕು. ಒಂದೇ ಸಮತಲದಲ್ಲಿ ಕಂಪಿಸುವಂತೆ ಮಾಡಿದ ಬೆಳಕನ್ನು ಸಕ್ಕರೆಯ ನೀರಿನೊಳಗಿಂದ ಹಾಯಿಸಿದರೆ ಆ ಸಮತಲವು ಬಲಕ್ಕೆ ತಿರುಗುವದು. ಎಷ್ಟು ಸಕ್ಕರೆಯೋ ಅಷ್ಟು ತಿರುವು. ೧೦೦ ಮಿಲಿಲೀಟರಿನಲ್ಲಿ ೨೬ ಗ್ರಾಂ ಶುದ್ಧ ಸಕ್ಕರೆಯನ್ನು ಕರಗಿಸಿ ೨೦೦ ಮಿಲಿಮೀಟರ ಕೊಳವೆಯಲ್ಲಿ ೨೦ ಅಂಶದ ಉಷ್ಣತೆಯಲ್ಲಿ ನೋಡಿದರೆ ಬರುವ ತಿರುವನ್ನು ನೂರೆಂದು ಅಂತರರಾಷ್ಟ್ರೀಯವಾಗಿ ಗೊತ್ತುಪಡಿಸಿದ್ದಾರೆ. ಆದರೆ ದಿನಾಲು ಸಕ್ಕರೆಯ ದ್ರಾವಣವನ್ನು ತಯಾರಿಸಿ ಪರೀಕ್ಷಿಸುವದು ತ್ರಾಸದ ಕೆಲಸ, ಅದು ಹುಳಿಯುವದೂ ಬೇಗ. ಅದಕ್ಕಾಗಿ ಸ್ಫಟಿಕದ ಒಂದು ಚಿಕ್ಕ ತಟ್ಟೆಯನ್ನು ಉಪಯೋಗಿಸುತ್ತಾರೆ. ಸ್ಫಟಿಕವೂ ಬೆಳಕನ್ನು ತಿರುಗಿಸುವದು. ಎಷ್ಟು ತಿರುಗಿಸುವದೆಂದು ಅದರ ಪ್ರಮಾಣಪತ್ರದಲ್ಲಿ ಬರೆದಿರುವದು. ಬೆಳಿಗ್ಗೆ ಬಂದೊಡನೆ ತಟ್ಟೆಯನ್ನಿಟ್ಟು ನೋಡಿ, ಪತ್ರದ ಅಂಕಿಯೊಡನೆ ತಾಳೆಯಾಗುವದೋ ಎಂದು ಬರೆದುಕೊಂಡು ಕೆಲಸಕ್ಕೆ ತೊಡಗುವವಳೇ ಒಳ್ಳೆಯ ಪರೀಕ್ಷಕಿ. ಈ ಕೆಲಸಕ್ಕೆ ಒಂದು ನಿಮಿಷವೂ ಹಿಡಿಯುವದಿಲ್ಲ.

ಎರಡು ಸಾಧನಗಳಲ್ಲಿ ಒಂದು ಕೆಟ್ಟರೆ ಏನಾಗುವದೆಂಬದಕ್ಕೆ ಒಂದು ಲೆಕ್ಕ. ರಸದ ಪೋಲ್ ೧೫, ನಿಜವಾದ ಬ್ರಿಕ್ಸ್ ೧೮ ಇದ್ದರೆ ಶುದ್ಧತೆಯು ನೂರಕ್ಕೆ ೮೩.೩. ಬಿಸಿಯ ರಸದಲ್ಲಿ ಕಡ್ಡಿಯು ೧೭ ಎಂದು ಹೇಳಿದರೆ ಶುದ್ಧತೆಯು ೮೮.೨ ಆಗಿ ತೋರುವದು. ರಸವು ಅದೇ, ಕಬ್ಬು ಅದೇ. ಕಾಗದದ ಮೇಲೆ ಮಾತ್ರ ಕಬ್ಬು ಉತ್ತಮವಾಯಿತು.

ಇಳುವರಿಯ ವಿಷಯಕ್ಕೆ ಬಂದರೆ ಇನ್ನೂ ಸ್ವಾರಸ್ಯವಾದ ಗಣಿತವಿದೆ. ಪಾಲಕರು ಬೇಸರಪಡದೆ ಪೆನ್ಸಿಲು ಹಿಡಿದು ಓದಬೇಕೆಂದು ಕೋರುತ್ತೇವೆ. ಕೇಂದ್ರ ಸರಕಾರದ ನ್ಯಾಯೋಚಿತ ದರವು ೨೦೨೫-೨೬ನೆಯ ಹಂಗಾಮಿಗೆ ೧೦.೨೫ ಶೇಕಡಾ ಇಳುವರಿಗೆ ಕ್ವಿಂಟಲಿಗೆ ೩೫೫ ರೂಪಾಯಿ. ಮುಂದೆ ಇಳುವರಿಯು ೦.೧ ಹೆಚ್ಚಿದಂತೆ ೩.೪೬ ರೂಪಾಯಿ ಹೆಚ್ಚು. ಇಳುವರಿ ಎಂದರೆ ಬಂದ ಸಕ್ಕರೆಯನ್ನು ಅರೆದ ಕಬ್ಬಿನಿಂದ ಭಾಗಿಸಿದ್ದು. ೧೦೦೦ ಟನ್ ಕಬ್ಬಿನಿಂದ ೧೦೨.೫ ಟನ್ ಸಕ್ಕರೆ ಬಂತೆನ್ನಿರಿ. ಎಲ್ಲ ಕಾಟಾಗಳೂ ನೂರಕ್ಕೆ ಒಂದರಂತೆ ಕಡಿಮೆ ತೋರಿದರೆ ಕಬ್ಬು ೯೯೦ ಟನ್ನೆಂದು ಬರೆಯಲ್ಪಡುವದು. ಆಗ ಇಳುವರಿಯು ೧೦.೩೫ ಎಂದು ಬರುವದು, ದರವೂ ೩೫೮.೪೬ಕ್ಕೆ ಏರುವದು. ೧೦೦೦ ಟನ್ನಿಗೆ ೩೫,೫೦,೦೦೦ ರೂಪಾಯಿ ಬರಬೇಕಾಗಿತ್ತು, ೯೯೦ ಟನ್ನಿಗೆ ೩೫,೪೮,೭೫೪ ರೂಪಾಯಿ ಬಂತು. ಬಹುತೇಕ ಸರಿದೂಗಿತು! ಹಾಗಾದರೆ ಕಾಟಾ ಕೆಟ್ಟರೂ ಚಿಂತೆಯಿಲ್ಲವೆಂದು ಯಾರಾದರೂ ಹೇಳಿಯಾರು. ಹಾಗಲ್ಲ. ಈ ಸರಿದೂಗುವಿಕೆಯು ಎಲ್ಲ ಬೆಳೆಗಾರರನ್ನೂ ಒಟ್ಟುಗೂಡಿಸಿ ನೋಡಿದಾಗ ಮಾತ್ರ, ದರವು ಇಳುವರಿಯೊಡನೆ ಏರುವಾಗ ಮಾತ್ರ. ಎರಡು ಮೂರು ಕಾಟಾಗಳುಳ್ಳ ಕಾರಖಾನೆಯಲ್ಲಿ ಒಂದೇ ಕಾಟಾ ಕೆಟ್ಟರೆ, ಅದರ ಮೇಲೆ ಹಾಯ್ದ ರೈತನು ಕಳೆದುಕೊಂಡದ್ದು ಪಕ್ಕದ ಕಾಟಾದ ಮೇಲೆ ಹಾಯ್ದ ಅವನ ನೆರೆಯವನಿಗೆ ಸಲ್ಲುವದು. ಕಾರಖಾನೆಯ ಒಟ್ಟು ಲೆಕ್ಕದಲ್ಲಿ ಏನೂ ಕಾಣುವದಿಲ್ಲ. ಟನ್ನಿಗೆ ಇಷ್ಟೆಂದು ಒಂದೇ ದರ ಗೊತ್ತಾಗಿದ್ದರಂತೂ ಕಳೆದುಕೊಂಡದ್ದು ಕಳೆದೇ ಹೋಯಿತು. ಇದೇ ರೀತಿ ಸಕ್ಕರೆಯ ಚೀಲ ತೂಗುವ ಯಂತ್ರವು ೫೦ ಕಿಲೋದ ಚೀಲದಲ್ಲಿ ೧೦೦ ಗ್ರಾಂ ಹೆಚ್ಚು ಹಾಕುತ್ತಿದ್ದರೆ ಇಳುವರಿಯು ೧೦.೨೫ರಿಂದ ೧೦.೨೩ಕ್ಕೆ ಇಳಿಯುವದು, ಇಲ್ಲಿ ಕಾರಖಾನೆಗೂ ಹಾನಿ, ರೈತನಿಗೂ ಹಾನಿ. ಆದಕಾರಣ ಮಾಪನಾಂಕ ನಿರ್ಣಯವನ್ನು ಒಬ್ಬರ ಮೇಲೆ ಇನ್ನೊಬ್ಬರ ಅನುಮಾನವೆಂದು ಭಾವಿಸಲಾಗದು.

ಬಾಯ್ಲರಿನ ವಿಷಯವು ಹಣದ್ದಲ್ಲ, ಪ್ರಾಣದ್ದು. ಉಗಿಯ ಒತ್ತಡವನ್ನು ತೋರಿಸುವ ಗುಂಡು ಮುಖದ ಮಾಪಕವನ್ನು ೧೮೪೯ರಲ್ಲಿ ಪ್ಯಾರಿಸಿನ ಯೂಜೀನ್ ಬೂರ್ದಾನರು ನಿರ್ಮಿಸಿದರು. ಒಳಗೆ ಬಾಗಿದ ಒಂದು ಚಪ್ಪಟೆ ಕೊಳವೆ, ಒತ್ತಡ ಹೆಚ್ಚಿದಂತೆ ಅದು ನೆಟ್ಟಗಾಗಲು ಯತ್ನಿಸಿ ಮುಳ್ಳನ್ನು ತಿರುಗಿಸುವದು. ವರುಷಗಟ್ಟಲೆ ಬಿಸಿಯಲ್ಲಿಯೂ ನಡುಕದಲ್ಲಿಯೂ ಕೆಲಸ ಮಾಡಿದ ಕೊಳವೆಯು ದಣಿಯುವದು, ಹಲ್ಲಿನ ಗಾಲಿಗಳು ಸವೆಯುವವು. ಹೆಚ್ಚು ತೋರುವ ಮಾಪಕವು ಉರುವಲನ್ನು ಹಾಳುಮಾಡೀತು. ಕಡಿಮೆ ತೋರುವ ಮಾಪಕವು ಅಪಾಯವನ್ನು ಮುಚ್ಚಿಡುವದು. ಇದನ್ನು ಪರೀಕ್ಷಿಸುವ ರೀತಿಯು ಬಹು ಸುಂದರವಾದುದು: ಎಣ್ಣೆ ತುಂಬಿದ ಕೊಳವೆಯಲ್ಲಿ ಒಂದು ಕೊಂತ, ಕೊಂತದ ಮೇಲೆ ಗೊತ್ತಾದ ಕಲ್ಲು. ಕೊಂತದ ಕ್ಷೇತ್ರವು ಒಂದು ಚದರ ಸೆಂಟಿಮೀಟರವಿದ್ದು ಕಲ್ಲು ಹತ್ತು ಕಿಲೋ ಇದ್ದರೆ ಮಾಪಕವು ಹತ್ತನ್ನೇ ತೋರಬೇಕು. ಒತ್ತಡವೂ ಕಡೆಗೆ ಉದ್ದಕ್ಕೂ ತೂಕಕ್ಕೂ ಬಂದು ನಿಲ್ಲುವದೆಂಬದನ್ನು ಹುಡುಗಿಯರು ಇಲ್ಲಿ ಕಾಣಬಹುದು.

ಹಾಲಿನ ಸಂಘಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಹೆಚ್ಚು ಹೇಳಬೇಕಾದುದಿಲ್ಲ, ಅವರು ನಮಗೇ ಕಲಿಸಬಲ್ಲರು. ಹಾಲಿನ ಬೆಲೆಯು ಕೊಬ್ಬಿನ ಮೇಲೆ ನಿಂತಿರುವದರಿಂದ, ಪೆಟ್ಟಿಗೆಯಂಥ ವಿದ್ಯುತ್ ಯಂತ್ರದ ಅಂಕಿಯನ್ನು ಆಗಾಗ ಗರ್ಬರನ ಗಾಜಿನ ಬ್ಯುಟಿರೋಮೀಟರಿನ ಪರೀಕ್ಷೆಯೊಡನೆ ತಾಳೆ ನೋಡುವದನ್ನು ಬಿಡಬಾರದೆಂದಷ್ಟೇ ಜ್ಞಾಪಿಸುತ್ತೇವೆ. ದಾದಿಯರಾದವರು ರಕ್ತದೊತ್ತಡದ ಮಾಪಕದ ಮುಳ್ಳು ಗಾಳಿಯಿಲ್ಲದಾಗ ಸೊನ್ನೆಯಲ್ಲಿ ನಿಲ್ಲುವದೋ ಎಂದು ದಿನಾಲು ನೋಡುತ್ತಾರೆಂದು ನಂಬಿದ್ದೇವೆ.

ಪಾಲಕರು ಕೇಳುವ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಸರಕಾರದ ಮುದ್ರೆಯಿದ್ದರೆ ಸಾಲದೇ? ಮುದ್ರೆಯು ಅವಶ್ಯವಾದುದು. ಕಾನೂನು ಮಾಪನ ಇಲಾಖೆಯ ನಿರೀಕ್ಷಕರು ಕಾಟಾವನ್ನೂ ಇತರ ವಿದ್ಯುತ್ ತಕ್ಕಡಿಗಳನ್ನೂ ವರುಷಕ್ಕೊಮ್ಮೆ, ಕೈತಕ್ಕಡಿ ಮತ್ತು ಕಲ್ಲುಗಳನ್ನು ಎರಡು ವರುಷಕ್ಕ���ಮ್ಮೆ ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ಸೀಸದ ಮುದ್ರೆಯಲ್ಲಿ ವರುಷದ ಕಡೆಯ ಎರಡು ಅಂಕಿಗಳೂ, ವರುಷದ ಯಾವ ಕಾಲುಭಾಗವೆಂಬದಕ್ಕೆ ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲಿ ಒಂದೂ ಇರುತ್ತವೆ. ಪ್ರಮಾಣಪತ್ರವನ್ನು ಜನರಿಗೆ ಕಾಣುವಂತೆ ತೂಗಹಾಕಬೇಕು. ಅದನ್ನು ಓದಿ ನೋಡುವದಕ್ಕೆ ಯಾರೂ ಸಂಕೋಚಪಡಬೇಕಾದುದಿಲ್ಲ. ಆದರೆ ಮುದ್ರೆಯು ಹೇಳುವದು ಇಷ್ಟೇ: ಆ ದಿನ ಈ ಸಾಧನವು ಮಿತಿಯೊಳಗಿತ್ತು. ಎಷ್ಟು ತಪ್ಪಿತ್ತು, ಯಾವ ಕಡೆಗೆ ತಪ್ಪಿತ್ತು, ಕಳೆದ ವರುಷಕ್ಕಿಂತ ಹೆಚ್ಚಿತೋ ಕಡಿಮೆಯಾಯಿತೋ ಎಂಬದನ್ನು ಮಾಪನಾಂಕ ನಿರ್ಣಯದ ವರದಿಯೇ ಹೇಳಬೇಕು. ಅದರಲ್ಲಿ ಪರೀಕ್ಷಿಸಿದ ಕಲ್ಲಿನ ಪ್ರಮಾಣಪತ್ರದ ಸಂಖ್ಯೆಯೂ, ಆ ಪರೀಕ್ಷೆಯಲ್ಲಿಯೇ ಉಳಿದಿರಬಹುದಾದ ಅನಿಶ್ಚಿತತೆಯೂ ಬರೆದಿರಬೇಕು. ಎನ್‌ಎಬಿಎಲ್ ಮನ್ನಣೆ ಪಡೆದ ಪ್ರಯೋಗಶಾಲೆಗಳು ಇಂಥ ವರದಿಯನ್ನು ಕೊಡುತ್ತವೆ.

ಎರಡು ಪರೀಕ್ಷೆಗಳ ನಡುವಣ ಹನ್ನೊಂದು ತಿಂಗಳುಗಳು ಉಳಿಯುತ್ತವೆ. ಅವು ಸಾಧನವನ್ನು ನಿತ್ಯ ಬಳಸುವವಳ ಕೈಯಲ್ಲಿವೆ. ಒಳ್ಳೆಯ ಪ್ರಯೋಗಶಾಲೆಗಳಲ್ಲಿ ಪ್ರತಿಯೊಂದು ಸಾಧನಕ್ಕೂ ಒಂದು ಪುಟವುಳ್ಳ ವಹಿಯಿರುವದು: ತಾರೀಖು, ಗೊತ್ತಾದ ತೂಕ, ಸಾಧನವು ಹೇಳಿದ ತೂಕ, ಸಹಿ. ದಿನಕ್ಕೆ ಒಂದು ಗೆರೆ. ಆ ಅಂಕಿಗಳನ್ನು ಚೌಕದ ಕಾಗದದ ಮೇಲೆ ಚುಕ್ಕೆಗಳಾಗಿ ಇಟ್ಟರೆ ಸಾಧನವು ಮೆಲ್ಲಗೆ ಒಂದು ಕಡೆಗೆ ವಾಲುವದು, ಮಿತಿಯನ್ನು ದಾಟುವ ವಾರಗಳ ಮೊದಲೇ ಕಣ್ಣಿಗೆ ಬೀಳುವದು. ಬೇಕಾದುದು ಜಾಣತನವಲ್ಲ, ಬಂದ ಅಂಕಿಯನ್ನೇ ಬರೆಯುವ ಅಭ್ಯಾಸ. ನಿನ್ನೆಯ ಅಂಕಿಯನ್ನು ನೋಡಿ ಇಂದಿನದನ್ನು ತುಂಬಿದ ವಹಿಯು ಎಷ್ಟು ಅಂದವಾಗಿದ್ದರೂ ನಿರುಪಯೋಗಿ. ಅಂಕಿಗಳೆಲ್ಲ ಒಂದೇ ಸಮನಾಗಿರುವ ಪುಟವನ್ನು ಕಂಡರೆ ಅನುಭವಿಗಳಾದ ಪರೀಕ್ಷಕರಿಗೆ ಮೊದಲು ಸಂಶಯ ಬರುವದು.

ಮನೆಯಲ್ಲಿ ನೋಡಬೇಕೆನ್ನುವವರಿಗೆ ಒಂದು ಸುಲಭದ ಪರೀಕ್ಷೆ. ಮುದ್ರೆಯುಳ್ಳ ಒಂದು ಲೀಟರಿನ ಅಳತೆಯಿಂದ ಶುದ್ಧವಾದ ನೀರನ್ನು ಸರಿಯಾಗಿ ಅಳೆದು, ಮೊದಲೇ ತೂಗಿದ ಒಣ ಪಾತ್ರೆಗೆ ಸುರಿದು ಅಡಿಗೆಮನೆಯ ತಕ್ಕಡಿಯ ಮೇಲೆ ಇಡಿರಿ. ನಮ್ಮ ಊರಿನ ಸಾಧಾರಣ ಹವೆಯಲ್ಲಿ, ೨೭ ಅಂಶದ ಸುಮಾರಿಗೆ, ನೀರು ೯೯೬ ಗ್ರಾಮಿನ ಆಸುಪಾಸಿಗೆ ತೂಗಬೇಕು. ಸಾವಿರಕ್ಕೆ ನಾಲ್ಕು ಕಡಿಮೆಯಾಗುವದು ನೀರು ಬೆಚ್ಚಗಿರುವದರಿಂದ. ಅಳತೆಯ ಪಾತ್ರೆಗೆ ಅಂಟಿಕೊಂಡು ಉಳಿದ ಹನಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎಂಟನೆಯ ಇಯತ್ತೆಯ ಹುಡುಗಿಯರು ಕಳೆದ ವರುಷ ಹನ್ನೆರಡು ಮನೆಗಳ ತಕ್ಕಡಿಗಳನ್ನು ಹೀಗೆ ನೋಡಿ ಪಟ್ಟಿ ಮಾಡಿದ್ದಾರೆ; ಆ ಪಟ್ಟಿಯು ಶಾಲೆಯ ವಿಜ್ಞಾನದ ಕೋಣೆಯ ಗೋಡೆಯ ಮೇಲಿದೆ, ಸ್ಮರಣೋತ್ಸವಕ್ಕೆ ಬರುವವರು ಅದನ್ನು ನೋಡಬಹುದು.